ಕರದ ಕೆಲಸ, ಚಿತ್ತದ ವಿಶ್ರಾಂತಿ

ಮನಸ್ಸಿಗೆ ವಿಶ್ರಾಂತಿ ಅವಶ್ಯವೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ವಿಶ್ರಾಂತಿಯ ಸ್ವರೂಪವೇನು, ಅದು ದೊರೆಯುವ ಬಗೆ ಯಾವುದು ಎಂಬಲ್ಲಿ ಸಾಮಾನ್ಯ ತಿಳಿವಳಿಕೆ ಅಷ್ಟು ಸ್ಪಷ್ಟವಾಗಿಲ್ಲ. ಕೆಲಸವನ್ನು ಬಿಟ್ಟು ಸುಮ್ಮನೆ ಕುಳಿತರೆ ಅದೇ ವಿಶ್ರಾಂತಿಯೆಂದು ಬಹುಮಂದಿ ಭಾವಿಸುತ್ತಾರೆ. ದೇಹದ ಮಟ್ಟಿಗೆ ಇದು ದಿಟ. ಹೊಲದಲ್ಲಿ ದುಡಿದು ಬಂದ ರೈತನು ಕಟ್ಟೆಯ ಮೇಲೆ ಒರಗಿದರೆ ಅವನ ಕೈಕಾಲುಗಳ ದಣಿವು ಆರುತ್ತದೆ. ಮನಸ್ಸಿನ ದಣಿವು ಹಾಗೆ ಆರುವಂಥದಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ದೀಪವಾರಿಸಿ ಮಲಗಿದ ವಿದ್ಯಾರ್ಥಿಯ ದೇಹ ಚಾಪೆಯ ಮೇಲಿರುತ್ತದೆ. ಮನಸ್ಸು ಮಾತ್ರ ಗಾಣದೆತ್ತಿನಂತೆ ಅದೇ ಪ್ರಶ್ನೆ, ಅದೇ ಭಯ, ಅದೇ ಅಂಕಗಳ ಸುತ್ತ ತಿರುಗುತ್ತಲೇ ಇರುತ್ತದೆ. ಕೈಗೆ ಕೆಲಸವಿಲ್ಲದ ಹೊತ್ತೇ ಚಿಂತೆಗೆ ಸುಗ್ಗಿಯ ಹೊತ್ತು. ಈ ಚಿಂತೆಯಿಂದ ತಪ್ಪಿಸಿಕೊಳ್ಳಲು ಇಂದಿನ ಮಕ್ಕಳೂ ಹಿರಿಯರೂ ಮೊಬೈಲನ್ನು ಕೈಗೆತ್ತಿಕೊಳ್ಳುತ್ತಾರೆ. ಅದರಲ್ಲಿ ಓಡುವ ಚಿತ್ರಗಳು ಮನಸ್ಸನ್ನು ಎಳೆದೊಯ್ಯುತ್ತವೆಯೇ ಹೊರತು ನಿಲ್ಲಿಸುವುದಿಲ್ಲ. ಎಳೆಯುವುದು ಬೇರೆ, ನಿಲ್ಲಿಸುವುದು ಬೇರೆ.

ಇವೆರಡಕ್ಕಿಂತ ಭಿನ್ನವಾದ ಮೂರನೆಯ ಮಾರ್ಗವೊಂದುಂಟು. ಅದು ಕೈಗೆ ಚಿಕ್ಕದಾದ, ಹಿತವಾದ, ಮರುಮರಳಿ ಬರುವ ಒಂದು ಕೆಲಸವನ್ನು ಕೊಟ್ಟು ಚಿತ್ತವನ್ನು ಅದರ ಬೆನ್ನಿಗೆ ಕೂಡಿಸುವುದು. ರಂಗೋಲಿಯ ಎಳೆ, ಸೂಜಿಯ ಹೊಲಿಗೆ, ಹೂವಿನ ದಂಡೆ, ಮಣ್ಣಿನ ಎತ್ತು ಇವೆಲ್ಲ ಈ ಬಗೆಯವು. ಇವನ್ನು ಬಲ್ಲವರು ನಮ್ಮ ಸೀಮೆಯ ಮನೆಮನೆಯಲ್ಲಿದ್ದಾರೆ. ಇವುಗಳಿಂದ ಮನಸ್ಸಿಗೆ ಆಗುವ ಉಪಕಾರವೇನು, ಶಾಲೆಯ ದಿನಚರಿಯಲ್ಲಿ ಇವಕ್ಕೆ ಯಾವ ಸ್ಥಾನ ಸಲ್ಲಬೇಕು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪದದ ಅರ್ಥ, ಪರಂಪರೆಯ ಅರಿವು

‘ವಿಶ್ರಾಂತಿ’ ಎಂಬ ಪದ ‘ಶ್ರಮ್’ ಎಂಬ ಧಾತುವಿನಿಂದ ಹುಟ್ಟಿದ್ದು. ಈ ಧಾತುವಿಗೆ ವೈಯಾಕರಣರು ಎರಡು ಅರ್ಥಗಳನ್ನು ಹೇಳುತ್ತಾರೆ: ದಣಿವು ಒಂದು, ತಪಸ್ಸು ಇನ್ನೊಂದು. ಶ್ರಮ, ಆಶ್ರಮ, ವಿಶ್ರಾಂತಿ ಈ ಮೂರೂ ಒಂದೇ ಬೇರಿನ ಚಿಗುರುಗಳು. ಆದಕಾರಣ ವಿಶ್ರಾಂತಿಯೆಂಬ ಮಾತಿನ ಒಡಲಿನಲ್ಲಿಯೇ ಒಂದು ಬಗೆಯ ತಪಸ್ಸು ಅಡಗಿದೆ. ಶ್ರಮದಿಂದ ಓಡಿಹೋಗುವುದು ವಿಶ್ರಾಂತಿಯಲ್ಲ. ಶ್ರಮವು ಹದಗೊಂಡು ತಣಿಯುವುದು ವಿಶ್ರಾಂತಿ.

ಭರತಮುನಿಯು ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ನಾಟ್ಯದ ಪ್ರಯೋಜನವನ್ನು ಹೇಳುವಾಗ, ದುಃಖದಿಂದ ನೊಂದವರಿಗೂ ಶ್ರಮದಿಂದ ಬಳಲಿದವರಿಗೂ ತಪಸ್ವಿಗಳಿಗೂ ಅದು ವಿಶ್ರಾಂತಿಯನ್ನು ಉಂಟುಮಾಡುವುದೆಂದು ತಿಳಿಸುತ್ತಾನೆ. ಮುಂದೆ ಕಾಶ್ಮೀರದ ಅಭಿನವಗುಪ್ತನು ರಸಾನುಭವವನ್ನೇ ಚಿತ್ತದ ವಿಶ್ರಾಂತಿಯೆಂದು ಬಗೆದು ವಿವರಿಸಿದನು. ವಿಘ್ನಗಳು ತೊಲಗಿ, ‘ನನ್ನದು, ಪರರದು’ ಎಂಬ ಎಳೆದಾಟ ಅಡಗಿ, ಚಿತ್ತ ಒಂದೆಡೆ ನೆಲೆನಿಂತಾಗ ಆಗುವ ಅನುಭವವೇ ಅದು. ಈ ಮಾತು ಮಹಾಕಾವ್ಯ ಮಹಾನಾಟಕಗಳಿಗೆ ಮಾತ್ರ ಸಲ್ಲುವುದೆಂದು ತಿಳಿಯಬೇಕಾಗಿಲ್ಲ. ಹೊಸ್ತಿಲ ಮುಂದಿನ ಒಂದು ಎಳೆಯ ರಂಗೋಲಿಯಲ್ಲಿಯೂ ಅದರ ಕಿರಿಯ ಛಾಯೆಯನ್ನು ಕಾಣಬಹುದು.

ಶರಣಪರಂಪರೆಯಲ್ಲಿ ಕೈಗೆ ದೊರೆತಿರುವ ಮಾನ್ಯತೆ ಬೇರೆಲ್ಲಿಯೂ ಸುಲಭವಾಗಿ ಕಾಣದಂಥದು. ಇಷ್ಟಲಿಂಗಕ್ಕೆ ಕರಸ್ಥಲವೇ ಪೀಠ. ದೃಷ್ಟಿಯನ್ನು ಅಂಗೈಯ ಮೇಲೆ ನೆಲೆಗೊಳಿಸುವ ಅಭ್ಯಾಸವನ್ನು ಮಠದ ಆಶ್ರಯದಲ್ಲಿ ಓದುವ ಬಾಲಕನು ಅಕ್ಷರಾಭ್ಯಾಸದ ಜೊತೆಜೊತೆಗೇ ಕಲಿಯುತ್ತಾನೆ. ಹಣೆಗೆ ಮೂರು ಬೆರಳಿನಿಂದ ವಿಭೂತಿಯ ಮೂರು ಗೆರೆಗಳನ್ನು ಸಮವಾಗಿ ಎಳೆದುಕೊಳ್ಳುವುದು ಅವನ ಪಾಲಿಗೆ ಮೊದಲನೆಯ ಚಿತ್ರಪಾಠವೆಂದರೂ ಸಲ್ಲುತ್ತದೆ. ಇನ್ನು ಕಾಯಕಕ್ಕೆ ಬಂದರೆ, ಶರಣರ ಹೆಸರುಗಳೇ ಕೈಕಸುಬಿನ ಪಟ್ಟಿಯಂತಿವೆ. ಜೇಡರ ದಾಸಿಮಯ್ಯ ನೇಯ್ದವನು. ನುಲಿಯ ಚಂದಯ್ಯ ಹಗ್ಗ ಹೊಸೆದವನು. ಮೇದಾರ ಕೇತಯ್ಯ ಬಿದಿರು ಹೆಣೆದವನು. ಕದಿರ ರೆಮ್ಮವ್ವೆ ನೂಲು ತೆಗೆದವಳು. ಸೂಜಿಕಾಯಕದ ರಾಮಿತಂದೆಯ ಹೆಸರಿನಲ್ಲಿಯೇ ಸೂಜಿ ಇದೆ. ಹೆಣೆಯುವುದು, ಹೊಸೆಯುವುದು, ನೂಲುವುದು, ಹೊಲಿಯುವುದು ಇವೆಲ್ಲವೂ ಒಂದೇ ಚಲನೆ ಮರಳಿ ಮರಳಿ ಬರುವ ಕೆಲಸಗಳು. ಇಂಥ ಕೆಲಸಗಳಲ್ಲಿ ತೊಡಗಿದವರು ಅನುಭಾವದ ಮಾತನ್ನಾಡಿದರೆಂಬುದು ವಿಚಾರಮಾಡತಕ್ಕ ಸಂಗತಿ.

ಹಂಪೆಯ ಹೂದೋಟ

ಈ ವಿಚಾರಕ್ಕೆ ಹಂಪೆಯಲ್ಲಿಯೇ ಒಂದು ಉಜ್ವಲ ನಿದರ್ಶನವಿದೆ. ರಗಳೆಯ ಕವಿ ಹರಿಹರನು ಮೊದಲು ದೋರಸಮುದ್ರದಲ್ಲಿ ಹೊಯ್ಸಳರ ಆಸ್ಥಾನದ ಕರಣಿಕನಾಗಿದ್ದನೆಂದು ಪರಂಪರೆ ಹೇಳುತ್ತದೆ. ಕರಣಿಕನ ಕೆಲಸವೆಂದರೆ ಲೆಕ್ಕದ ಕೆಲಸ. ಒಂದು ಅಂಕಿ ತಪ್ಪಿದರೆ ದಂಡನೆ, ಅರಸನ ಮುಖ ಬಾಡಿದರೆ ಭಯ. ಆ ವೃತ್ತಿಯನ್ನು ತ್ಯಜಿಸಿ ಹಂಪೆಗೆ ಬಂದು ವಿರೂಪಾಕ್ಷನ ಸನ್ನಿಧಿಯಲ್ಲಿ ನೆಲಸಿದ ಹರಿಹರನು ಗಿರಿಜಾಕಲ್ಯಾಣವನ್ನೂ ಶರಣರ ರಗಳೆಗಳನ್ನೂ ರಚಿಸಿದುದು ವಿದಿತವೇ ಇದೆ. ಆದರೆ ಅವನ ಪುಷ್ಪರಗಳೆಯನ್ನು ಶಾಲೆಗಳಲ್ಲಿ ಓದಿಸುವವರು ವಿರಳ. ಬೆಳಗಿನಲ್ಲಿ ತೋಟಕ್ಕೆ ಹೋಗುವುದು, ಗಿಡಗಳೊಡನೆ ಮಾತನಾಡುವುದು, ಹೂವು ನೋಯದಂತೆ ಬಿಡಿಸುವುದು, ಬಗೆಬಗೆಯಾಗಿ ಮಾಲೆ ಕಟ್ಟುವುದು, ಅದನ್ನು ವಿರೂಪಾಕ್ಷನಿಗೆ ತೊಡಿಸಿ ನೋಡಿ ನಲಿಯುವುದು, ಇಷ್ಟೇ ಅದರ ವಸ್ತು. ಯುದ್ಧವಿಲ್ಲ, ರಾಜರಿಲ್ಲ, ಕಥೆಯೆಂಬುದೂ ಇಲ್ಲವೆನ್ನಬೇಕು.

ಅಷ್ಟು ಸಣ್ಣ ವಸ್ತುವನ್ನು ಕವಿಯು ಏಕೆ ಆರಿಸಿಕೊಂಡನು? ಭಕ್ತಿಯ ಕಾರಣ ಮೊದಲನೆಯದು. ಅದರೊಡನೆ ಇನ್ನೊಂದನ್ನೂ ಗಮನಿಸಬೇಕು. ಲೆಕ್ಕ ಬರೆಯುತ್ತಿದ್ದ ಬೆರಳುಗಳೇ ಇಲ್ಲಿ ಹೂವು ಕಟ್ಟುತ್ತಿವೆ. ಲೆಕ್ಕದಲ್ಲಿ ಬೆರಳು ದುಡಿಯುವಾಗ ಮನಸ್ಸು ಮುಂದಣ ಭಯದಲ್ಲಿರುತ್ತದೆ. ಹೂವಿನಲ್ಲಿ ಬೆರಳು ದುಡಿಯುವಾಗ ಮನಸ್ಸು ಬೆರಳಿನಲ್ಲಿಯೇ ಇರುತ್ತದೆ. ಕಟ್ಟಿದ ಮಾಲೆ ಸಂಜೆಗೆ ಬಾಡುತ್ತದೆ. ಮರುದಿನ ಮತ್ತೆ ಕಟ್ಟಬೇಕು. ಬಾಡಿತೆಂಬ ಬೇಸರವಿಲ್ಲ, ಮತ್ತೆ ಕಟ್ಟಬೇಕೆಂಬ ಹೊರೆಯೂ ಇಲ್ಲ. ಕೈಕೆಲಸವು ಚಿತ್ತಕ್ಕೆ ಕೊಡುವ ವಿಶ್ರಾಂತಿಯ ಗುಟ್ಟನ್ನು ಪುಷ್ಪರಗಳೆಯು ಶಾಸ್ತ್ರದ ಗೊಡವೆಯಿಲ್ಲದೆ ತೋರಿಸಿಕೊಡುತ್ತದೆ.

ಹೊಸ್ತಿಲು, ಹೊಲ, ತಾಂಡಾ

ಕವಿಯ ಹೂದೋಟದಿಂದ ಇಂದಿನ ಊರುಗಳಿಗೆ ಬಂದರೆ ಇದೇ ಗುಟ್ಟು ಬೇರೆ ಬೇರೆ ವೇಷಗಳಲ್ಲಿ ಕಾಣುತ್ತದೆ. ಹೊಸಪೇಟೆಯ ಹಳೆಯ ಬೀದಿಗಳಲ್ಲಿ ನಸುಕಿನಲ್ಲಿ ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕುವ ಗೃಹಿಣಿಯನ್ನು ನೋಡಬಹುದು. ಏಳು ಚುಕ್ಕಿಯ ಸಾಲನ್ನು ನಡುವೆ ಇಟ್ಟು, ಅದರ ಎರಡು ಮಗ್ಗುಲಿಗೂ ಸಂದಿನಲ್ಲಿ ಆರು, ಐದು, ನಾಲ್ಕು, ಮೂರು, ಎರಡು, ಒಂದು ಎಂದು ಇಳಿಸುತ್ತ ಬಂದರೆ ಒಟ್ಟು ೪೯ ಚುಕ್ಕಿಗಳಾಗುತ್ತವೆ. ಚುಕ್ಕಿ ಎಣಿಸುವಾಗ ಬೇರೆ ಚಿಂತೆಗೆ ಎಡೆಯಿಲ್ಲ. ಎಳೆ ಎಳೆಯುವಾಗ ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ಪುಡಿ ಸಮವಾಗಿ ಸುರಿಯಬೇಕಾದರೆ ಉಸಿರೂ ಸಮವಾಗಿರಬೇಕು. ಆತುರಪಟ್ಟರೆ ಎಳೆ ಹರಿಯುತ್ತದೆ. ಅನುಮಾನಪಟ್ಟರೆ ಎಳೆ ದಪ್ಪವಾಗುತ್ತದೆ. ಹೀಗೆ ಎಳೆಯೇ ಚಿತ್ತದ ಕನ್ನಡಿಯಾಗಿ ನಿಲ್ಲುತ್ತದೆ. ಹೊತ್ತೇರಿದ ಮೇಲೆ ಹಾಲಿನವನ ಸೈಕಲ್ಲು, ಶಾಲೆಗೆ ಓಡುವ ಮಕ್ಕಳು ಅದನ್ನು ತುಳಿದು ಹೋಗುತ್ತಾರೆ. ಹಾಕಿದವಳು ಅದಕ್ಕಾಗಿ ಕೊರಗುವುದಿಲ್ಲ.

ಕಂಪ್ಲಿಯ ಸುತ್ತಣ ಹಳ್ಳಿಗಳು ತುಂಗಭದ್ರೆಯ ನೀರಿನಿಂದ ಭತ್ತ ಬೆಳೆಯುವ ಹಳ್ಳಿಗಳು. ವಿಜಯನಗರದ ಅರಸರ ಕಾಲದ ಕಾಲುವೆಗಳು ಈ ಸೀಮೆಯಲ್ಲಿ ಇಂದಿಗೂ ನೀರುಣಿಸುತ್ತಿವೆ. ಕಾರಹುಣ್ಣಿಮೆಗೆ ಜೀವಂತ ಎತ್ತುಗಳಿಗೆ ಸಿಂಗಾರ. ಅಲ್ಲಿಂದ ಹದಿನೈದು ದಿನಕ್ಕೆ ಬರುವ ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತಿನ ಪೂಜೆ. ಇಂಥ ಒಕ್ಕಲುತನದ ಊರುಗಳಲ್ಲಿ ಕೆರೆಯಂಗಳದ ಜಿಗುಟು ಮಣ್ಣನ್ನು ತಂದು, ಕಲ್ಲು ಕಡ್ಡಿ ಆರಿಸಿ, ನಾದಿ, ಜೋಡೆತ್ತುಗಳನ್ನೂ ಗ್ವಾದಲಿಯನ್ನೂ ಮಾಡುವುದು ಮಕ್ಕಳಿಗೆ ಹಬ್ಬವೇ ಸರಿ. ಡುಬ್ಬ ಎತ್ತರವಾದೀತು, ಕೋಡು ಮುರಿದೀತು. ಮುರಿದರೆ ಮತ್ತೆ ಅದೇ ಮಣ್ಣು. ಪೂಜೆಯಾದ ಮೇಲೆ ಆ ಎತ್ತುಗಳು ನೀರಿಗೆ ಮರಳುತ್ತವೆ. ಯಾರ ಎತ್ತು ಮೊದಲನೆಯದು, ಯಾರದು ಎರಡನೆಯದು ಎಂದು ತೀರ್ಪು ಕೊಡುವವರಿಲ್ಲ. ಪೂಜೆಗೆ ಎಲ್ಲ ಎತ್ತುಗಳೂ ಸಮ. ಮಾರುಕಟ್ಟೆಯಲ್ಲಿ ಅಚ್ಚಿನಿಂದ ಮಾಡಿ ಬಣ್ಣ ಬಳಿದ ಎತ್ತುಗಳನ್ನು ಕೊಂಡು ತಂದಾಗ ಪೂಜೆ ನಡೆಯುತ್ತದೆ, ಮಣ್ಣು ನಾದುವ ಮಧ್ಯಾಹ್ನ ಮಾತ್ರ ಕಳೆದುಹೋಗುತ್ತದೆ.

ಸಂಡೂರಿನ ಬೆಟ್ಟಗಳ ನಡುವೆ ಲಂಬಾಣಿ ತಾಂಡಾಗಳಿವೆ. ಅಲ್ಲಿನ ಸ್ತ್ರೀಯರ ಕಸೂತಿಯಲ್ಲಿ ಹದಿನಾಲ್ಕು ಬಗೆಯ ಹೊಲಿಗೆಗಳನ್ನು ಗುರುತಿಸಲಾಗಿದೆ. ಕೀಲನ್, ವೇಲೆ, ಬಕ್ಯ, ಮಾಕಿ, ರೇಲೋ, ಗದ್ರಿ, ಜೋಲ್ಯ, ನಕ್ರಾ ಮುಂತಾದುವು ಅವುಗಳ ಹೆಸರುಗಳು. ಬಟ್ಟೆಯ ತುಂಡಿಗೆ ತುಂಡು ಸೇರಿಸಿ, ಗಾಜಿನ ಬಿಲ್ಲೆ, ಕವಡೆ, ಮಣಿಗಳನ್ನು ಕೂಡಿಸಿ ಅವರು ಹೊಲಿಯುವ ಬಟ್ಟೆಗೆ ಸಂಡೂರಿನ ಹೆಸರಿನಲ್ಲಿಯೇ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಸಂಡೂರು ಕುಶಲ ಕಲಾ ಕೇಂದ್ರವು ಈ ಕುಶಲಿಗರನ್ನು ಒಗ್ಗೂಡಿಸಿ ಅವರ ಕೈಗೆಲಸಕ್ಕೆ ಮಾರುಕಟ್ಟೆಯನ್ನು ಒದಗಿಸುತ್ತ ಬಂದಿದೆ. ೨೦೨೩ರ ಜುಲೈ ತಿಂಗಳಲ್ಲಿ ಹಂಪೆಯಲ್ಲಿ ಜಿ ೨೦ ರಾಷ್ಟ್ರಗಳ ಸಂಸ್ಕೃತಿ ಸಮಿತಿಯ ಸಭೆ ನಡೆದಾಗ ೪೫೦ಕ್ಕೂ ಹೆಚ್ಚು ಲಂಬಾಣಿ ಸ್ತ್ರೀಯರ ೧೭೫೫ ಕಸೂತಿ ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯನ್ನು ಸ್ಥಾಪಿಸಲಾಯಿತು.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ತಾಂಡಾದ ಸ್ತ್ರೀಗೆ ಸೂಜಿ ಹೊಟ್ಟೆಪಾಡು. ಒಪ್ಪಿಕೊಂಡ ದಿನಕ್ಕೆ ಕೆಲಸ ಒಪ್ಪಿಸಬೇಕು. ಕಣ್ಣು ನೋಯುತ್ತದೆ, ಕತ್ತು ಸೆಡೆಯುತ್ತದೆ. ಅವಳ ದುಡಿಮೆಯನ್ನು ನೋಡಿ ‘ಎಂಥ ನೆಮ್ಮದಿಯ ಕೆಲಸ’ ಎಂದು ಬಣ್ಣಿಸುವುದು ಉಂಡವನು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದಂತಾದೀತು. ಅವಳಿಗೆ ಸಲ್ಲತಕ್ಕದ್ದು ಮೊದಲು ನ್ಯಾಯವಾದ ಕೂಲಿ, ಬಳಿಕ ಪ್ರಶಂಸೆ. ಅದೇ ಸೂಜಿಯಿಂದ ಮನೆಯ ಅಜ್ಜಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಹುಟ್ಟಲಿರುವ ಮೊಮ್ಮಗುವಿಗೆ ಕೌದಿ ಹೊಲಿಯುವಾಗ ಗಡುವಿಲ್ಲ, ದರವಿಲ್ಲ, ತಪ್ಪು ಹಿಡಿಯುವವರಿಲ್ಲ. ಸೂಜಿ ಒಂದೇ, ಹೊಲಿಗೆ ಒಂದೇ; ಚಿತ್ತದ ಸ್ಥಿತಿ ಬೇರೆ. ಆದ್ದರಿಂದ ವಿಶ್ರಾಂತಿಯು ಸೂಜಿಯಲ್ಲಿಲ್ಲ, ಸೂಜಿಯನ್ನು ಹಿಡಿದ ಸಂದರ್ಭದಲ್ಲಿದೆ. ಈ ವಿವೇಕವಿಲ್ಲದೆ ಶಾಲೆಯಲ್ಲಿ ಕೈಕೆಲಸವನ್ನು ಆರಂಭಿಸಿದರೆ ಅದೂ ಇನ್ನೊಂದು ಪರೀಕ್ಷೆಯಾಗುವುದರಲ್ಲಿ ಸಂದೇಹವಿಲ್ಲ.

ನಾಲ್ಕು ಲಕ್ಷಣಗಳು

ಹೂಮಾಲೆ, ರಂಗೋಲಿ, ಮಣ್ಣೆತ್ತು, ಕೌದಿ ಇವನ್ನು ಒಟ್ಟಿಗೆ ಇಟ್ಟು ನೋಡಿದರೆ ವಿಶ್ರಾಂತಿಯನ್ನು ಕೊಡುವ ಕೈಕೆಲಸಕ್ಕೆ ನಾಲ್ಕು ಲಕ್ಷಣಗಳು ಗೋಚರಿಸುತ್ತವೆ.

ಮೊದಲನೆಯದು ಮಿತಿ. ಚುಕ್ಕಿಗಳು ಇಟ್ಟಾಗಿವೆ, ಅಂಗಳ ಇಷ್ಟೇ, ಮಣ್ಣಿನ ಮುದ್ದೆ ಇಷ್ಟೇ. ಏನನ್ನಾದರೂ ಮಾಡು ಎಂದಾಗ ದಿಕ್ಕುಗೆಡುವ ಮನಸ್ಸು, ಇಷ್ಟರೊಳಗೆ ಮಾಡು ಎಂದಾಗ ನೆಲೆ ಕಾಣುತ್ತದೆ.

ಎರಡನೆಯದು ಆವೃತ್ತಿ. ಅದೇ ಗಂಟು, ಅದೇ ಹೊಲಿಗೆ, ಅದೇ ಸುತ್ತು. ಜಪದಲ್ಲಿ ನಾಲಿಗೆಗೆ ಏನೋ ಇಲ್ಲಿ ಬೆರಳಿಗೆ ಅದು. ಪ್ರತಿಯೊಂದು ಸುತ್ತಿನಲ್ಲಿಯೂ ಚಿತ್ತ ಓಡಿಹೋಗಬಹುದು. ಪ್ರತಿಯೊಂದು ಸುತ್ತೂ ಅದನ್ನು ಮರಳಿ ಕರೆಯುತ್ತದೆ.

ಮೂರನೆಯದು ಸ್ಪರ್ಶ. ಮಣ್ಣಿನ ತಂಪು, ಪುಡಿಯ ನವಿರು, ನೂಲಿನ ಬಿಗಿ ಇವು ಈ ಕ್ಷಣದ ವಸ್ತುಗಳು. ಭಯವೆಂಬುದು ನಾಳಿನದು, ಪಶ್ಚಾತ್ತಾಪವೆಂಬುದು ನಿನ್ನೆಯದು. ಸ್ಪರ್ಶ ಮಾತ್ರ ಇಂದಿನದು.

ನಾಲ್ಕನೆಯದು ನಿರ್ಮಮತೆ. ಮಾಲೆ ಬಾಡುತ್ತದೆ, ರಂಗೋಲಿ ಅಳಿಯುತ್ತದೆ, ಎತ್ತು ಕರಗುತ್ತದೆ, ಕೌದಿ ಮಗುವಿನ ಪಾಲಾಗುತ್ತದೆ. ಮಾಡಿದವನ ಹೆಸರು ಅದರ ಮೇಲೆ ನಿಲ್ಲುವುದಿಲ್ಲ. ಹೆಸರಿಲ್ಲದ ಕಡೆ ಸೋಲಿಗೂ ಅವಕಾಶವಿಲ್ಲ. ಈ ನಾಲ್ಕನೆಯ ಲಕ್ಷಣವೇ ಪ್ರಧಾನವಾದುದು. ಇಂದಿನ ಶಾಲೆಗಳಲ್ಲಿ ಅತ್ಯಂತ ದುರ್ಲಭವಾದುದೂ ಇದೇ.

ಪ್ರಯೋಗಶಾಲೆಯ ಸಾಕ್ಷ್ಯ

ಪರಂಪರೆಯ ಅನುಭವವನ್ನು ಆಧುನಿಕರು ಅಳತೆಗೋಲಿನಿಂದ ಪರೀಕ್ಷಿಸಿರುವುದೂ ಉಂಟು. ಅಮೆರಿಕದ ಫಿಲಡೆಲ್ಫಿಯಾ ನಗರದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಒಂದು ಅಧ್ಯಯನ ೨೦೧೬ರಲ್ಲಿ ಪ್ರಕಟವಾಯಿತು. ೩೯ ಮಂದಿ ವಯಸ್ಕರಿಗೆ ಕಾಗದ, ಬಣ್ಣದ ಲೇಖನಿ, ಜೇಡಿಮಣ್ಣು ಮುಂತಾದುವನ್ನು ಕೊಟ್ಟು ೪೫ ನಿಮಿಷ ತಮ್ಮ ಇಷ್ಟದಂತೆ ಏನನ್ನಾದರೂ ಮಾಡಲು ಹೇಳಿದರು. ಮನಸ್ಸಿನ ಒತ್ತಡದಲ್ಲಿ ದೇಹವು ಸ್ರವಿಸುವ ಕಾರ್ಟಿಸಾಲ್ ಎಂಬ ರಸದ ಪ್ರಮಾಣವನ್ನು ಮೊದಲೂ ಅನಂತರವೂ ಅವರ ಎಂಜಲಿನಲ್ಲಿ ಅಳೆದರು. ಸುಮಾರು ನೂರಕ್ಕೆ ೭೫ ಮಂದಿಯಲ್ಲಿ ಅದು ಇಳಿದಿತ್ತು. ಚಿತ್ರಕಲೆಯ ಪೂರ್ವಾನುಭವ ಇದ್ದವರಿಗೂ ಇಲ್ಲದವರಿಗೂ ಈ ವಿಷಯದಲ್ಲಿ ಹೇಳಿಕೊಳ್ಳುವ ಭೇದ ಕಾಣಲಿಲ್ಲ. ‘ನನಗೆ ಚಿತ್ರ ಬರೆಯಲು ಬಾರದು’ ಎಂದು ಹಿಂಜರಿಯುವವರೆಲ್ಲ ಈ ಕೊನೆಯ ಮಾತನ್ನು ನೆನಪಿನಲ್ಲಿಡಬೇಕು.

ಅಮೆರಿಕದಲ್ಲಿಯೇ ೨೦೦೫ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಆತಂಕಗೊಂಡ ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಮಂಡಲದ ರೇಖಾಕೃತಿಯನ್ನೂ ಕೆಲವರಿಗೆ ಚೌಕಳಿಯ ವಿನ್ಯಾಸವನ್ನೂ ಕೆಲವರಿಗೆ ಬರಿಯ ಖಾಲಿ ಕಾಗದವನ್ನೂ ಕೊಟ್ಟು ಬಣ್ಣ ತುಂಬಲು ಹೇಳಲಾಯಿತು. ಖಾಲಿ ಕಾಗದದವರಿಗಿಂತ ಮಂಡಲ ಮತ್ತು ಚೌಕಳಿಯವರ ಆತಂಕ ಹೆಚ್ಚು ತಗ್ಗಿತು. ಮಿತಿಯು ಮನಸ್ಸಿಗೆ ಆಸರೆಯೆಂಬ ಮೇಲಿನ ಮಾತಿಗೆ ಇದು ಪೋಷಕವಾಗಿದೆ. ಇವು ಚಿಕ್ಕ ಅಧ್ಯಯನಗಳು. ಎಲ್ಲರ ಮೇಲೆಯೂ ಒಂದೇ ಪರಿಣಾಮವಾಗುವುದೆಂದು ಇವುಗಳಿಂದ ಸಿದ್ಧವಾಗುವುದಿಲ್ಲ. ಮೊದಲನೆಯ ಅಧ್ಯಯನದಲ್ಲಿಯೇ ನಾಲ್ಕರಲ್ಲೊಬ್ಬರಿಗೆ ಕಾರ್ಟಿಸಾಲ್ ಇಳಿಯಲಿಲ್ಲವೆಂಬುದನ್ನು ಮರೆಯಬಾರದು.

ಕೈಕೆಲಸ ಔಷಧಿಯಲ್ಲವೆಂಬುದನ್ನೂ ಇಲ್ಲಿಯೇ ಸ್ಪಷ್ಟಪಡಿಸಬೇಕು. ವಾರಗಟ್ಟಲೆ ನಿದ್ರೆ ಊಟ ಬಿಟ್ಟು ಮಂಕಾಗಿ ಕುಳಿತ ಬಾಲಕನಿಗೆ ರಂಗೋಲಿ ಸಾಲದು. ವೈದ್ಯರ ನೆರವು ಬೇಕು. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ ೧೪೪೧೬ ಎಂಬ ಸಂಖ್ಯೆಯ ಮೂಲಕ ಯಾರಾದರೂ ಉಚಿತವಾಗಿ ಕರೆ ಮಾಡಬಹುದು. ಈ ಸಂಖ್ಯೆ ಪ್ರತಿಯೊಂದು ಶಾಲೆಯ ಗೋಡೆಯ ಮೇಲೆ ಇರತಕ್ಕದ್ದು.

ತಪ್ಪಿದ ಗೆರೆಯ ಪಾಠ

ಮಕ್ಕಳಿಗೆ ತಪ್ಪಿನ ಭಯವೇ ದೊಡ್ಡ ಭಯ. ಈ ಪ್ರಸಂಗದಲ್ಲಿ ರವೀಂದ್ರನಾಥ ಠಾಕೂರರ ನಿದರ್ಶನ ಸ್ಮರಣೀಯ. ಕವಿತೆಯ ಹಸ್ತಪ್ರತಿಗಳಲ್ಲಿ ಹೊಡೆದುಹಾಕಿದ ಪದಗಳನ್ನು ಅವರು ಹಾಗೆಯೇ ಬಿಡದೆ, ಗೆರೆಯಿಂದ ಗೆರೆಗೆ ಕೂಡಿಸುತ್ತ ಹಕ್ಕಿ, ಮೃಗ, ಮುಖಗಳ ಆಕಾರಕ್ಕೆ ತರುತ್ತಿದ್ದರು. ಆ ಆಟವೇ ಬೆಳೆದು ಅರವತ್ತು ದಾಟಿದ ವಯಸ್ಸಿನಲ್ಲಿ ಅವರನ್ನು ಚಿತ್ರಕಾರರನ್ನಾಗಿ ಮಾಡಿತು. ೧೯೩೦ರಲ್ಲಿ ಅವರ ಚಿತ್ರಗಳು ಪ್ಯಾರಿಸ್ ನಗರದಲ್ಲಿ ಪ್ರದರ್ಶಿತವಾದುವು. ತಪ್ಪನ್ನು ಅಳಿಸುವ ಆತುರವನ್ನು ಬಿಟ್ಟು ಅದರೊಡನೆ ಸ್ವಲ್ಪ ಹೊತ್ತು ಕುಳಿತರೆ ಅದೂ ಒಂದು ಆಕಾರವಾಗಬಲ್ಲದು. ನೋಟುಪುಸ್ತಕದ ಅಂಚಿನಲ್ಲಿ ಗೀಚುವ ಹುಡುಗನನ್ನು ಗದರಿಸುವ ಮೊದಲು ಶಿಕ್ಷಕರು ಇದನ್ನೊಮ್ಮೆ ನೆನೆಯುವುದು ಲೇಸು.

ಶಾಲೆಯಲ್ಲಿ ಅನುಷ್ಠಾನ

ವಾರಕ್ಕೊಂದು ಅವಧಿ ಸಾಕು. ನಲವತ್ತು ನಲವತ್ತೈದು ನಿಮಿಷಗಳ ಅವಧಿಯಾದರೆ ಉತ್ತಮ. ವೇಳಾಪಟ್ಟಿಯಲ್ಲಿ ಚಿತ್ರಕಲೆಗೆಂದು ಬರೆದಿರುವ ಅವಧಿಯು ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಗಣಿತಕ್ಕೋ ವಿಜ್ಞಾನಕ್ಕೋ ಸಂದುಹೋಗುವುದು ಅನೇಕ ಶಾಲೆಗಳ ವಾಡಿಕೆ. ಮನಸ್ಸು ಹೆಚ್ಚು ಬಿಗಿದಿರುವ ವರ್ಷದಲ್ಲಿಯೇ ಅದನ್ನು ಸಡಿಲಿಸುವ ಅವಧಿಯನ್ನು ಕಸಿದುಕೊಳ್ಳುವುದು, ಬೇಸಗೆಯಲ್ಲಿಯೇ ಅರವಟ್ಟಿಗೆಯನ್ನು ಮುಚ್ಚಿದಂತೆ.

ಸಾಮಗ್ರಿ ಸರಳವಾಗಿರಬೇಕು. ಸುಣ್ಣದ ಕಡ್ಡಿ, ರಂಗೋಲಿ ಪುಡಿ, ಕೆರೆಯ ಮಣ್ಣು, ಹಳೆಯ ಬಟ್ಟೆಯ ತುಂಡು, ಸೂಜಿದಾರ, ಸೀಸದ ಕಡ್ಡಿ, ಹಿಂಬದಿ ಖಾಲಿಯಿರುವ ಕಾಗದ ಇಷ್ಟಿದ್ದರೆ ಸಾಕು. ಗಂಡುಮಕ್ಕಳಿಗೆ ಮಣ್ಣು, ಹೆಣ್ಣುಮಕ್ಕಳಿಗೆ ಸೂಜಿ ಎಂಬ ವಿಭಾಗ ಸಲ್ಲದು. ಸೂಜಿಕಾಯಕದ ರಾಮಿತಂದೆ ಪುರುಷನೇ ಆಗಿದ್ದನು.

ಅವಧಿಯ ಆರಂಭದಲ್ಲಿ ಎರಡು ನಿಮಿಷ ಮೌನ. ಅನಂತರ ಶಿಕ್ಷಕರು ಒಂದೇ ಒಂದು ಮಿತಿಯನ್ನು ಹೇಳಬೇಕು: ‘ಇಂದು ೪೯ ಚುಕ್ಕಿ’, ‘ಇಂದು ಒಂದು ಹಿಡಿ ಮಣ್ಣು’, ‘ಇಂದು ಒಂದು ಎಲೆಯನ್ನು ನೋಡಿ ಅದರ ನರಗಳನ್ನು ಮಾತ್ರ ಬರೆಯುವುದು’. ಶಿಕ್ಷಕರೂ ಮಕ್ಕಳ ನಡುವೆ ಕುಳಿತು ಅದೇ ಕೆಲಸವನ್ನು ಮಾಡಬೇಕು. ನಿಂತು ನೋಡುವ ಗುರು ಪರೀಕ್ಷಕನಾಗುತ್ತಾನೆ. ಕುಳಿತು ಮಾಡುವ ಗುರು ಸಹಾಧ್ಯಾಯಿಯಾಗುತ್ತಾನೆ. ‘ಬಹಳ ಚೆನ್ನಾಗಿದೆ’ ಎಂಬ ಪ್ರಶಂಸೆಯನ್ನೂ ಈ ಅವಧಿಯಲ್ಲಿ ತಡೆಹಿಡಿಯಬೇಕು. ಒಬ್ಬನಿಗೆ ಸಂದ ಪ್ರಶಂಸೆ ಪಕ್ಕದವನಿಗೆ ಅಳತೆಗೋಲಾಗುತ್ತದೆ. ಅದರ ಬದಲು ‘ಯಾವ ಗೆರೆಯನ್ನು ಮೊದಲು ಎಳೆದೆ? ಮಣ್ಣು ಎಲ್ಲಿ ಬಿರುಕು ಬಿಟ್ಟಿತು?’ ಎಂದು ಕೇಳಿದರೆ ಮಗುವಿನ ಗಮನ ತನ್ನ ಮೇಲಿಂದ ಕೆಲಸದ ಮೇಲಕ್ಕೆ ತಿರುಗುತ್ತದೆ. ಅಂಕವಿಲ್ಲ, ಬಹುಮಾನವಿಲ್ಲ, ಮನೆಗೆಲಸವಿಲ್ಲ. ಕೊನೆಯಲ್ಲಿ ಮಣ್ಣು ತೊಟ್ಟಿಗೆ, ಪುಡಿ ಮೊರಕ್ಕೆ, ಕಾಗದ ಮಗುವಿನ ಇಷ್ಟಕ್ಕೆ.

ವರ್ಷಕ್ಕೊಮ್ಮೆ ಹಂಪೆಯ ಪ್ರವಾಸವನ್ನೂ ಇದೇ ರೀತಿಯಲ್ಲಿ ಸಾರ್ಥಕಗೊಳಿಸಬಹುದು. ಹಜಾರರಾಮ ದೇವಾಲಯದ ಪ್ರಾಕಾರದ ಹೊರಮೈಯಲ್ಲಿ ಆನೆ, ಕುದುರೆ, ಯೋಧರು, ನರ್ತಕಿಯರ ಸಾಲುಗಳು ಒಂದರ ಮೇಲೊಂದರಂತೆ ಕೊರೆದಿವೆ. ಮಕ್ಕಳು ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಎರಡು ನಿಮಿಷದಲ್ಲಿ ಮುಂದಕ್ಕೆ ಸಾಗುತ್ತಾರೆ. ಶಿಲೆಯನ್ನು ಮುಟ್ಟದೆ, ದೂರದಲ್ಲಿ ನೆರಳಿನಲ್ಲಿ ಕುಳಿತು, ಪ್ರತಿಯೊಬ್ಬರೂ ಒಂದೇ ಒಂದು ಆನೆಯನ್ನು ಅರ್ಧ ಗಂಟೆ ನೋಡಿ ಬರೆಯಲಿ. ಬರೆದ ಆನೆ ಹೇಗಾದರೂ ಇರಲಿ, ನೋಡಿದ ಆನೆ ಬಾಳಿನುದ್ದಕ್ಕೂ ಉಳಿಯುತ್ತದೆ.

ದಾನಿಗಳಲ್ಲಿ ಒಂದು ವಿಜ್ಞಾಪನೆ

‘ಇದರಿಂದ ಬರುವ ಫಲವೇನು?’ ಎಂದು ಹಿತೈಷಿಗಳು ಕೇಳುವುದು ಸಹಜವಾಗಿದೆ. ಕಾಯಕವೆಂದರೆ ದಾಸೋಹಕ್ಕೆ ಒದಗುವ ದುಡಿಮೆ. ಕರಗಿಹೋಗುವ ಮಣ್ಣೆತ್ತನ್ನು ಕಾಯಕವೆನ್ನಬಹುದೇ ಎಂಬ ಆಕ್ಷೇಪಣೆಗೂ ತೂಕವಿದೆ. ಈ ಅವಧಿಯನ್ನು ಕಾಯಕವೆಂದು ಕರೆಯುವುದು ಯುಕ್ತವಾಗಲಾರದು. ಕಾಯಕಕ್ಕೆ ಬೇಕಾದ ಕೈಯನ್ನೂ ಕೈಯೊಡನೆ ನಿಲ್ಲಬಲ್ಲ ಚಿತ್ತವನ್ನೂ ಹದಗೊಳಿಸುವ ಪೂರ್ವಾಭ್ಯಾಸ ಇದೆಂದರೆ ಸಾಕು. ಹೊಲವನ್ನು ಹರಗುವಾಗ ತೆನೆ ಕಾಣುವುದಿಲ್ಲ. ಹರಗದ ಹೊಲದಲ್ಲಿ ತೆನೆಯೇ ಬರುವುದಿಲ್ಲ.

ಮಠದ ಶಾಲೆಗಳು ನಿಂತಿರುವುದು ಭಕ್ತರ ಉದಾರತೆಯಿಂದ. ಅಕ್ಕಿಯ ಚೀಲ, ಕೊಠಡಿ, ಗಂಟೆ, ಬೀರು, ಪಾರಿತೋಷಕ ಇವುಗಳ ಮೇಲೆ ದಾನಿಗಳ ಹೆಸರುಗಳು ಯೋಗ್ಯವಾಗಿಯೇ ಬೆಳಗುತ್ತವೆ. ವಾರ್ಷಿಕೋತ್ಸವದ ದಿನ ಮಕ್ಕಳ ಕರಕೌಶಲದ ಪ್ರದರ್ಶನವನ್ನು ನೋಡಿ ಸಂತೋಷಪಡುವುದೂ ದಾನಿಗಳ ಹಕ್ಕೇ ಸರಿ. ಆದರೆ ಪ್ರದರ್ಶನಕ್ಕೆಂದು ಮಾಡಿದ ವಸ್ತುವಿನಲ್ಲಿ ಮಗುವಿನ ಆತಂಕವೂ ಸೇರಿರುತ್ತದೆ. ಒಮ್ಮೊಮ್ಮೆ ಶಿಕ್ಷಕರ ಕೈಯೂ ಸೇರಿರುತ್ತದೆ. ಪ್ರದರ್ಶನ ನಡೆಯಲಿ, ಅದಕ್ಕೆ ಸೇರದ, ಮೇಜಿನ ಮೇಲೆ ಇಡಲಾಗದ, ಯಾರ ಹೆಸರನ್ನೂ ಕೆತ್ತಿಸಲಾಗದ ವಾರದ ಒಂದು ಗಂಟೆಯೂ ನಡೆಯಲಿ. ಅದಕ್ಕೆ ಬೇಕಾದ ಹಣ ಅತ್ಯಲ್ಪ. ಬೇಕಾದುದು ಫಲವನ್ನು ಕೇಳದೆ ಕಾಯುವ ದೊಡ್ಡ ಮನಸ್ಸು. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಅಜ್ಜಿಯರನ್ನು ಕೌದಿ ಕಲಿಸಲು, ಕುಂಬಾರ ಬಂಧುಗಳನ್ನು ಮಣ್ಣು ಹದಮಾಡುವುದನ್ನು ತೋರಿಸಲು ಶಾಲೆಗೆ ಕರೆತಂದರೆ ಅದೂ ದಾನವೇ. ಹಾಗೆ ಬಂದವರಿಗೆ ತಕ್ಕ ಗೌರವಧನವನ್ನು ಸಲ್ಲಿಸುವುದು ಸಂಸ್ಥೆಯ ಧರ್ಮ.

ಅಂಕಪಟ್ಟಿ ಮಗುವನ್ನು ಒಂದು ವರ್ಷದ ಮಟ್ಟಿಗೆ ಅಳೆಯುತ್ತದೆ. ಮುಂದೆ ಅದೇ ಮಗು ಗಂಡಸಾಗಿ ಹೆಂಗಸಾಗಿ, ಸಾಲದ ಚಿಂತೆಯಲ್ಲೋ ಸಾವಿನ ಶೋಕದಲ್ಲೋ ಒಂದು ಇರುಳನ್ನು ಕಳೆಯಬೇಕಾಗಿ ಬಂದಾಗ ಅಂಕಪಟ್ಟಿ ನೆರವಿಗೆ ಬಾರದು. ಒಂದು ಹಿಡಿ ಮಣ್ಣಿನೊಡನೆ, ಒಂದು ಎಳೆಯೊಡನೆ, ಒಂದು ಹೂವಿನೊಡನೆ ಸುಮ್ಮನೆ ಇರಲು ಕಲಿತ ಕೈಗಳು ಆಗ ನೆರವಿಗೆ ಬಂದಾವು. ಆ ಕೈಗಳನ್ನು ಸಿದ್ಧಪಡಿಸಿ ಕಳುಹಿಸುವುದು ಅಕ್ಷರ ಕಲಿಸಿದಷ್ಟೇ ಪವಿತ್ರವಾದ ಕರ್ತವ್ಯವೆಂದು ಶಿಕ್ಷಕರೂ ಪೋಷಕರೂ ಮನಗಾಣಲಿ.